ಮನೋವ್ಯಾಧಿಯೂ ಗ್ರಾಮಜೀವನವೂ

ಮನಸ್ಸಿನ ಬೇನೆಯನ್ನು ಸೂಚಿಸುವ ಮಾತುಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಹುಚ್ಚು, ಮರುಳು, ಮಂಕು, ಗಾಳಿ ಸೋಕಿದುದು ಎಂದು ಆಡುನುಡಿ ಅದನ್ನು ಹಲವು ಬಗೆಯಾಗಿ ಕರೆದಿದೆ. ಆದರೆ ಈ ಪದಗಳಿಗೂ ಉಳಿದ ರೋಗಗಳ ಹೆಸರುಗಳಿಗೂ ಒಂದು ಅಂತರವುಂಟು. ಜ್ವರ ಬಂದವನನ್ನು ನಾವು ಜ್ವರದ ಹೆಸರಿನಿಂದ ಕರೆಯುವುದಿಲ್ಲ; ಜ್ವರ ಇಳಿದೊಡನೆ ಅವನು ಮೊದಲಿನ ಮನುಷ್ಯನೇ ಆಗುತ್ತಾನೆ. ಹುಚ್ಚನೆನಿಸಿಕೊಂಡವನಿಗಾದರೋ ಬೇನೆ ಗುಣವಾದ ಮೇಲೂ ಆ ಹೆಸರು ತಪ್ಪದು. ಅವನ ತಂಗಿಯ ಮದುವೆಯ ಮಾತುಕತೆಯಲ್ಲಿಯೂ ಅದು ಅಡ್ಡಬರುತ್ತದೆ. ಈ ಹೆಸರಿನ ಅಂಜಿಕೆಯಿಂದಲೇ ಎಷ್ಟೋ ಮನೆತನಗಳು ರೋಗವನ್ನು ಮುಚ್ಚಿಟ್ಟು, ಚಿಕಿತ್ಸೆಯ ಕಾಲವನ್ನು ಕೈಯಾರೆ ಕಳೆದುಕೊಳ್ಳುತ್ತವೆ.

ಮನೋವ್ಯಾಧಿಯನ್ನು ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೆಂದು ಕಾಣುವುದು ನಮಗೆ ಹೊಸದಲ್ಲ. ಚರಕಸಂಹಿತೆಯ ನಿದಾನಸ್ಥಾನ, ಚಿಕಿತ್ಸಾಸ್ಥಾನಗಳೆರಡರಲ್ಲಿಯೂ ಉನ್ಮಾದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಆಗಂತುಕ ಕಾರಣಗಳನ್ನು ಒಪ್ಪಿಕೊಂಡಿದ್ದರೂ ಆ ಗ್ರಂಥವು ದೋಷಜನ್ಯ ಉನ್ಮಾದವನ್ನು ವಿಂಗಡಿಸಿ ಅದಕ್ಕೆ ಔಷಧೋಪಚಾರವನ್ನು ವಿಧಿಸಿತು. 1952ರಲ್ಲಿ ಫ್ರಾನ್ಸಿನ ವೈದ್ಯರು ಕ್ಲೋರ್‌ಪ್ರೊಮಜೈನ್ ಎಂಬ ಔಷಧವನ್ನು ತೀವ್ರ ಮನೋರೋಗಕ್ಕೆ ಬಳಸಿದುದು ಆಧುನಿಕ ಚಿಕಿತ್ಸೆಯಲ್ಲಿ ಹೊಸ ಯುಗವನ್ನು ತೆರೆಯಿತು. ಅಂದಿನಿಂದ ಬಹುಮಂದಿ ರೋಗಿಗಳು ಮನೆಯಲ್ಲಿಯೇ ಇದ್ದು, ಮಾತ್ರೆ ಸೇವಿಸುತ್ತ, ತಮ್ಮ ಕಾಯಕವನ್ನು ನಡೆಸಿಕೊಂಡು ಬಾಳುವುದು ಸಾಧ್ಯವಾಗಿದೆ.

ಹೀಗೆ ಮದ್ದು ಉಂಟು. ಅದು ಬೇಕಾದವರಿಗೆ ಎಟುಕಿತೆ ಎಂಬುದು ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ರೋಗದ ಬಗೆಯನ್ನನುಸರಿಸಿ ನೂರಕ್ಕೆ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇಷ್ಟು ಜನರನ್ನು ನಗರದ ದೊಡ್ಡ ಆಸ್ಪತ್ರೆಗಳಿಗೆ ಕರೆತರುವುದು ಅಸಾಧ್ಯವಾದುದರಿಂದ ಚಿಕಿತ್ಸೆಯೇ ಹಳ್ಳಿಯ ಕಡೆಗೆ ನಡೆಯಬೇಕಾಗುತ್ತದೆ.

ಇದು ಸಾಧ್ಯವೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯೆಂಬುದು ಹೆಮ್ಮೆಯ ಸಂಗತಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡ ತರುವಾಯ, ಆ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಅದರ ಕ್ರಮ ಸರಳವಾದುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮುಖ್ಯ ಮನೋವ್ಯಾಧಿಗಳನ್ನು ಗುರುತಿಸುವ ತರಬೇತಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಲಕ್ಷಣಗಳ ತಿಳಿವಳಿಕೆ. ಕೇಂದ್ರದಲ್ಲಿ ಕೆಲವೇ ಅಗತ್ಯ ಔಷಧಗಳ ಸಂಗ್ರಹ. ಕಠಿಣ ರೋಗಿಗಳಿಗೆ ಜಿಲ್ಲಾ ಕೇಂದ್ರದ ತಜ್ಞರ ನೆರವು. ಈ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಗಿ ಕ್ರಮೇಣ ದೇಶದ ಇತರ ಜಿಲ್ಲೆಗಳಿಗೂ ಹಬ್ಬಿತು.

ಕಾನೂನಿನ ಬೆಂಬಲವೂ ಈಗ ಒದಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಅಲ್ಲಿ ಸರಪಳಿಗಳಿಂದ ಬಂಧಿತರಾಗಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾರದೆ ಸತ್ತರು. ಆ ದುರಂತದಲ್ಲಿ 28 ಜೀವಗಳು ಹೋದುವು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಸರಕಾರದ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ಬಡತನದ ರೇಖೆಗಿಂತ ಕೆಳಗಿನವರಿಗೂ ನಿರ್ಗತಿಕರಿಗೂ ಆ ಸೇವೆ ಉಚಿತವೆಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಇಷ್ಟಾದರೂ ಮನೆಯ ಹೊಸ್ತಿಲಿನಿಂದ ಆಸ್ಪತ್ರೆಯ ಹೊಸ್ತಿಲಿನವರೆಗಿನ ಹಾದಿ ದೀರ್ಘವಾಗಿಯೇ ಉಳಿದಿದೆ. ಕೂಲಿಯವನಿಗೆ ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ರೋಗಿಯ ಜೊತೆಗೆ ಹೋದವನಿಗೂ ಇಲ್ಲ. ಮಾತ್ರೆಯಿಂದ ತುಸು ನೆಮ್ಮದಿ ಕಂಡೊಡನೆ ‘ಗುಣವಾಯಿತು’ ಎಂದು ಅದನ್ನು ನಿಲ್ಲಿಸುತ್ತಾರೆ. ರೋಗ ಮರುಕಳಿಸಿದಾಗ ಔಷಧವನ್ನೇ ದೂರುತ್ತಾರೆ. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ನಗುವಿಗಾಗಿ ಹೇಳುವುದುಂಟು. ಅದರ ಮೊದಲರ್ಧವನ್ನು ನಿಜವೆಂದು ನಂಬಿ, ಬೇನೆಯನ್ನು ಬಚ್ಚಿಟ್ಟು ಲಗ್ನ ನೆರವೇರಿಸಿದಲ್ಲಿ ಎರಡು ಜೀವಗಳು ಸಂಕಟಕ್ಕೆ ಸಿಲುಕುತ್ತವೆ.

ಈ ಹಾದಿಯನ್ನು ಕಿರಿದು ಮಾಡುವಲ್ಲಿ ಶಾಲೆಗೂ ಮಠಕ್ಕೂ ದೊಡ್ಡ ಪಾತ್ರವಿದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಏಕಾಏಕಿ ಹಿಂದೆ ಬಿದ್ದರೆ, ಗೆಳೆಯರನ್ನು ತೊರೆದು ಒಂಟಿಯಾದರೆ, ನಿದ್ರಾಹಾರಗಳನ್ನು ಬಿಟ್ಟರೆ, ಬದುಕು ಬೇಡವೆಂಬ ಮಾತನ್ನಾಡಿದರೆ ಅದನ್ನು ಮೊದಲು ಕಾಣಬಲ್ಲವರು ಉಪಾಧ್ಯಾಯರು. ಅಂಥವನನ್ನು ತರಗತಿಯಲ್ಲಿ ಜರೆಯದೆ, ಏಕಾಂತದಲ್ಲಿ ಮಾತನಾಡಿಸಿ, ತಂದೆತಾಯಿಗಳನ್ನು ಕರೆಸಿ, ಸಮೀಪದ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಅವರ ಧರ್ಮ. ಸಾವಿನ ಮಾತನ್ನಾಡಿದವನನ್ನಂತೂ ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಒಬ್ಬ ರೋಗಿಯ ಜೊತೆಗೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರಬಹುದು. ದಾನಿಗಳು ಬಡ ರೋಗಿಗಳ ಬಸ್ಸಿನ ವೆಚ್ಚಕ್ಕೂ ಅಂದಿನ ಕೂಲಿಗೂ ಒಂದು ನಿಧಿಯನ್ನು ನಿಲ್ಲಿಸಬಹುದು. ವಿಭೂತಿಗಾಗಿ ಮಠಕ್ಕೆ ಬರುವ ಕುಟುಂಬಗಳಿಗೆ ಆಶೀರ್ವಾದದೊಡನೆ ‘ಮದ್ದನ್ನು ಬಿಡಬೇಡಿರಿ’ ಎಂಬ ಮಾತೂ ಗುರುಮುಖದಿಂದ ದೊರೆತರೆ, ಹತ್ತು ಭಾಷಣಗಳಿಂದಾಗದ ಕಾರ್ಯ ಅದೊಂದರಿಂದ ಆದೀತು.

ಮರುಳಶಂಕರದೇವರ ಕಥೆಯನ್ನು ಶೂನ್ಯಸಂಪಾದನೆಯಲ್ಲಿ ಓದಿದವರು ಬಲ್ಲರು. ಆ ಶರಣರು ಮಹಾಮನೆಯಲ್ಲಿಯೇ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರು. ಅವರನ್ನು ಗುರುತಿಸಲು ಪ್ರಭುದೇವರ ಕಣ್ಣು ಬೇಕಾಯಿತು. ಅವರು ರೋಗಿಗಳಾಗಿರಲಿಲ್ಲ, ಮಹಾನುಭಾವಿಗಳು. ಆದರೂ ಪ್ರತಿದಿನ ದಾಸೋಹ ನಡೆಯುವ ಮನೆಯಲ್ಲಿಯೇ ಒಬ್ಬ ಮನುಷ್ಯನು ಕಾಣದೆ ಉಳಿಯಬಹುದೆಂಬ ಎಚ್ಚರವನ್ನು ಆ ಪ್ರಸಂಗದಿಂದ ನಾವು ಪಡೆಯಬಹುದು. ಅನ್ನ, ಅಕ್ಷರಗಳ ದಾಸೋಹದಿಂದ ಹೆಸರಾದ ಇಂಥ ಸಂಸ್ಥೆಗಳು ಊರಿನ ಹಿಂಬದಿಯ ಕೋಣೆಗಳಲ್ಲಿ ಮರೆಯಾಗಿ ಕುಳಿತವರನ್ನೂ ಹುಡುಕಿ ಕರೆತಂದು ಚಿಕಿತ್ಸೆಗೆ ಮುಟ್ಟಿಸಲಿ; ಈ ಸಂಚಿಕೆಯನ್ನೋದಿದ ಒಬ್ಬೊಬ್ಬರೂ ತಮ್ಮ ಓಣಿಯಿಂದಲೇ ಆ ಸೇವೆಯನ್ನು ಆರಂಭಿಸಲಿ.