ಚಿಕ್ಕ ಮೆನು, ದೊಡ್ಡ ನಂಬಿಕೆ: ಒಂದು ಅಮೆರಿಕನ್ ಗ್ರಿಲ್‌ನಲ್ಲಿ ಮೂರು ಊಟ

ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅಲ್ಲಿನ ‘ಲಾಸ್ ಆಲ್ಟೋಸ್ ಗ್ರಿಲ್’ ಎಂಬ ಹೋಟೆಲಿನಲ್ಲಿ ಮೂರು ಸಲ ಊಟ ಮಾಡಿದೆವು. ಮೊದಲ ಸಲ ಮಗ ಕರೆದೊಯ್ದ. ಉಳಿದ ಎರಡು ಸಲ ನಾವೇ ಹಟ ಹಿಡಿದು ಹೋದದ್ದು. ಹೋಟೆಲಿನವರು ಇನ್ನೊಬ್ಬರ ಹೋಟೆಲಿಗೆ ಹೋದರೆ ಬಾಯಿಗಿಂತ ಕಣ್ಣಿಗೇ ಕೆಲಸ ಜಾಸ್ತಿ. ಅಲ್ಲಿ ಕಂಡದ್ದನ್ನು ಉದ್ಯಮ ಬಂಧುಗಳಲ್ಲಿ ಹಂಚಿಕೊಳ್ಳಲು ಈ ಲೇಖನ.

ಈ ಹೋಟೆಲ್ ಹಿಲ್‌ಸ್ಟೋನ್ ಎಂಬ ಸಂಸ್ಥೆಗೆ ಸೇರಿದ್ದು. ಜಾರ್ಜ್ ಬೀಲ್ ಮತ್ತು ಅವರ ಜೊತೆಗಾರರು 1977ರಲ್ಲಿ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ‘ಹ್ಯೂಸ್ಟನ್ಸ್’ ಎಂಬ ಹೆಸರಿನಿಂದ ಆರಂಭಿಸಿದರು. ಸುಮಾರು ಐವತ್ತು ವರ್ಷವಾಗುತ್ತಾ ಬಂದರೂ ಹೋಟೆಲುಗಳ ಸಂಖ್ಯೆ ನಲವತ್ತರ ಆಸುಪಾಸಿನಲ್ಲೇ ಇದೆ. ಫ್ರಾಂಚೈಸಿ ಕೊಡದೆ ಎಲ್ಲವನ್ನೂ ತಾವೇ ನಡೆಸುತ್ತಾರೆ. ಅಲ್ಲಿ ಸ್ಟಾರ್ ಹೋಟೆಲಿನ ಬಿಗುಮಾನವೂ ಇಲ್ಲ, ಫಾಸ್ಟ್‌ಫುಡ್ ಅಂಗಡಿಯ ಗಡಿಬಿಡಿಯೂ ಇಲ್ಲ. ಬರ್ಗರ್ ಒಂದರ ಬೆಲೆ ಇಪ್ಪತ್ತು ಡಾಲರ್ ದಾಟುತ್ತದೆ. ಆದರೂ ಜನ ಕಾದು ನಿಲ್ಲುತ್ತಾರೆ. 2016ರಲ್ಲಿ ‘ಬಾನ್ ಅಪೆಟೀ’ ಎಂಬ ಆಹಾರ ಪತ್ರಿಕೆ ಇದನ್ನು ಅಮೆರಿಕದ ಅಚ್ಚುಮೆಚ್ಚಿನ ರೆಸ್ಟೋರೆಂಟ್ ಎಂದು ಕೊಂಡಾಡಿತ್ತು.

ಒಂದೇ ಹಾಳೆಯ ಮೆನು

ಮೆನು ಎಂದರೆ ಒಂದು ಹಾಳೆ, ಅಷ್ಟೆ. ಪಾಲಕ್ ಮತ್ತು ಆರ್ಟಿಚೋಕ್ ಸೇರಿಸಿದ ಬಿಸಿ ಡಿಪ್, ಬೆಂಕಿಯ ಮೇಲೆ ಸುಟ್ಟ ಮಾಂಸ ಮತ್ತು ಮೀನು, ಬರ್ಗರ್, ಸ್ಯಾಂಡ್‌ವಿಚ್, ಸಾಲಡ್, ಒಂದೆರಡು ಸಿಹಿ. ಆರ್ಟಿಚೋಕ್ ಎಂಬುದು ದಪ್ಪ ಎಸಳಿನ, ದೊಡ್ಡ ಮೊಗ್ಗಿನಂತಹ ತರಕಾರಿ. ಅದನ್ನು ಗ್ರಿಲ್ ಮಾಡಿಯೂ ಕೊಡುತ್ತಾರೆ, ಆದರೆ ಒಳ್ಳೆಯ ಮಾಲು ಬಂದಾಗ ಮಾತ್ರ. ಇಲ್ಲದಿದ್ದರೆ ‘ಇಲ್ಲ’ ಎನ್ನಲು ಅವರಿಗೆ ಸಂಕೋಚವಿಲ್ಲ.

ಸಸ್ಯಾಹಾರಿಗಳಾದ ನಮಗೆ ಸಿಕ್ಕಿದ್ದು ಅಲ್ಲಿನ ಹೆಸರಾಂತ ವೆಜಿ ಬರ್ಗರ್. ಕಂದು ಅಕ್ಕಿಯ ಅನ್ನ, ಕಪ್ಪು ಬೀನ್ಸ್, ಬೀಟ್‌ರೂಟ್ ಸೇರಿಸಿ ಅಲ್ಲೇ ತಯಾರಿಸಿದ್ದು. ಫ್ರೀಜರಿನಿಂದ ತೆಗೆದು ಕರಿದ ಟಿಕ್ಕಿಯಲ್ಲ. ಮೂರು ಸಲವೂ ಅದೇ ರುಚಿ, ಅದೇ ಬಿಸಿ, ಅದೇ ಗಾತ್ರ. ಒಮ್ಮೆ ರುಚಿಯಾಗಿ ಮಾಡುವುದು ಯಾರಿಂದಲೂ ಆದೀತು. ಮೂರನೆಯ ಸಲವೂ ಹಾಗೇ ಕೊಡುವುದು ಎಷ್ಟು ಕಷ್ಟ ಎಂಬುದು ನಮ್ಮ ಓದುಗರಿಗೆ ಗೊತ್ತು.

ಬರಿಗೈಯಲ್ಲಿ ನಡೆಯದ ಮಾಣಿಗಳು

ಅಡುಗೆಮನೆ ಗಿರಾಕಿಗಳ ಕಣ್ಣೆದುರಿಗೇ ಇದೆ. ‘ಇದು ನನ್ನ ಟೇಬಲ್, ಅದು ಅವನದು’ ಎಂಬ ಮಾತು ಅಲ್ಲಿಲ್ಲ. ಆರ್ಡರ್ ತೆಗೆದುಕೊಂಡವರು ಒಬ್ಬರು, ತಟ್ಟೆ ತಂದವರು ಮತ್ತೊಬ್ಬರು, ದಾರಿಯಲ್ಲಿ ಹೋಗುತ್ತಾ ನೀರು ತುಂಬಿಸಿದವರು ಮೂರನೆಯವರು. ಒಳಗೆ ಹೋಗುವಾಗ ಖಾಲಿ ತಟ್ಟೆ, ಹೊರಗೆ ಬರುವಾಗ ತುಂಬಿದ ತಟ್ಟೆ. ಬರಿಗೈಯಲ್ಲಿ ಓಡಾಡಿದವರು ನಮ್ಮ ಕಣ್ಣಿಗೆ ಬೀಳಲಿಲ್ಲ. ನೀರಿಗಾಗಿ ಕೈ ಎತ್ತಿ ಕರೆಯುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

ನಮ್ಮ ಮೆನು ಕಾರ್ಡಿನ ಕಥೆ

ಮೂರನೆಯ ಊಟ ಮುಗಿಸಿ ಕುಳಿತಾಗ ಮುಂಬಯಿಯ ನಮ್ಮ ಹೋಟೆಲ್ ನೆನಪಾಯಿತು. ತಂದೆಯವರ ಕಾಲದಲ್ಲಿ ಗೋಡೆಯ ಬೋರ್ಡಿನಲ್ಲಿ ಇಪ್ಪತ್ತೆರಡು ಐಟಂ ಇದ್ದವು. ನಮ್ಮ ಕಾಲದಲ್ಲಿ ಪಾವ್‌ಭಾಜಿ ಬಂತು, ಪಂಜಾಬಿ ಬಂತು, ಚೈನೀಸ್ ಬಂತು, ಪಿಜ್ಜಾವೂ ಬಂತು. ಕಾರ್ಡಿನಲ್ಲಿ ಈಗ 180 ದಾಟಿದೆ. ಇಪ್ಪತ್ತು ವರ್ಷ ಬೆಳಿಗ್ಗೆ ತಪ್ಪದೆ ಬರುತ್ತಿದ್ದ ಹಿರಿಯ ಗಿರಾಕಿಯೊಬ್ಬರು ಒಂದು ದಿನ ಗಲ್ಲಾದ ಹತ್ತಿರ ಬಂದು, “ಶೇಟ್ರೇ, ನಿಮ್ಮ ಸಾಂಬಾರಿಗೆ ಈಗ ದಿನಕ್ಕೊಂದು ರುಚಿ” ಎಂದರು. ನಾವು ನಕ್ಕು ಸುಮ್ಮನಾದೆವು. ಅವರು ಬರುವುದನ್ನು ನಿಲ್ಲಿಸಿದ ಮೇಲೆ ಆ ಮಾತಿನ ತೂಕ ತಿಳಿಯಿತು. ಸಾಂಬಾರಿನ ಭಟ್ಟರನ್ನೇ ಗ್ರೇವಿ ನೋಡಿಕೊಳ್ಳಲು ಹಚ್ಚಿದ್ದವರು ನಾವೇ ತಾನೆ?

ಇದನ್ನು ಕಲಿಯಲು ಅಮೆರಿಕಕ್ಕೇ ಹೋಗಬೇಕಾಗಿರಲಿಲ್ಲ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಒಂದು ಊಟವನ್ನೇ ನೆಚ್ಚಿಕೊಂಡು ಹೆಸರು ಗಳಿಸಿದೆ. ನಮ್ಮ ಹಿರಿಯರ ದಾರಿ ಅದೇ ಆಗಿತ್ತು.

ಐದು ಮಂದಿಯ ಕುಟುಂಬ ಬಂದರೆ ಐವರಿಗೂ ಬೇರೆಬೇರೆ ಬೇಕು, ಬಾಡಿಗೆ ಏರುತ್ತಲೇ ಇದೆ, ಐಟಂ ಕಡಿಮೆ ಮಾಡಿದರೆ ಗಿರಾಕಿ ಪಕ್ಕದವರಲ್ಲಿಗೆ ಹೋದಾರು ಎಂಬ ಹೆದರಿಕೆ ನಮಗೂ ಇದೆ. ಆದ್ದರಿಂದ ಒಮ್ಮೆಲೇ ಕತ್ತರಿ ಹಾಕಿಲ್ಲ. ಒಂದು ತಿಂಗಳ ಬಿಲ್ಲುಗಳನ್ನು ತೆಗೆದು, ದಿನಕ್ಕೆ ಒಂದು ಪ್ಲೇಟೂ ಹೋಗದ ಐಟಂಗಳಿಗೆ ಗೆರೆ ಎಳೆಯುತ್ತಿದ್ದೇವೆ. ಭಟ್ಟರು ಮರಳಿ ಸಾಂಬಾರಿನ ಹಂಡೆಯ ಮುಂದೆ ನಿಂತಿದ್ದಾರೆ.

ಆ ಹಿರಿಯರ ಮನೆ ನಮಗೆ ಗೊತ್ತು. ಸಾಂಬಾರ್ ಒಂದು ತಿಂಗಳು ಒಂದೇ ರುಚಿಯಲ್ಲಿ ನಿಂತ ದಿನ ನಾವೇ ಹೋಗಿ ಕರೆದು ಬರುವವರಿದ್ದೇವೆ.