ಪಂಪು ಮನೆ ತಲುಪಬೇಕು

ಬೆಂಗಳೂರಿನ ಮಕ್ಕಳ ಅಸ್ತಮಾದ ಮಾತು ಬಂದರೆ ನೆನೆಯಬೇಕಾದವರು ಡಾ. ಎಚ್. ಪರಮೇಶ್, ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞರು. 1979ರಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ. 29.5ಕ್ಕೆ ಏರಿದ್ದನ್ನು ಅವರು ದಾಖಲಿಸಿದರು. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಅದಕ್ಕಿಂತ ಕಣ್ತೆರೆಸುವುದು 12 ಶಾಲೆಗಳ 6,550 ಮಕ್ಕಳ ಸಮೀಕ್ಷೆ. ವಾಹನ ಸಂಚಾರ ಕಡಿಮೆಯಿದ್ದ ಕಡೆ ಶೇ. 11.15 ಮಕ್ಕಳಿಗೆ ಅಸ್ತಮಾ. ದಟ್ಟ ಸಂಚಾರವಿದ್ದ ಕಡೆ ಶೇ. 19.34, ದಟ್ಟ ಸಂಚಾರಕ್ಕೆ ಬಡತನವೂ ಸೇರಿದ ಕಡೆ ಶೇ. 31.14.

ಬಡವರ ಮಗುವಿಗೆ ರಸ್ತೆಯ ಹೊಗೆ ಸಾಲದೆಂಬಂತೆ ಮನೆಯ ಹೊಗೆಯೂ ಇರುತ್ತದೆ. ಶಿವಾಜಿನಗರದ ಗಲ್ಲಿಗಳ ಒಂದೇ ಕೋಣೆಯ ಮನೆಯಲ್ಲಿ ಒಲೆ, ಸೊಳ್ಳೆ ಬತ್ತಿ, ದೊಡ್ಡವರ ಬೀಡಿ, ತೇವದ ಗೋಡೆಯ ಬೂಷ್ಟು, ಜಿರಳೆ ಎಲ್ಲವೂ ಮಗುವಿನ ಹಾಸಿಗೆಯ ಪಕ್ಕದಲ್ಲೇ. ಉಬ್ಬಸ ಹೆಚ್ಚಾದ ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡುತ್ತಾರೆ, ನೆಬ್ಯುಲೈಸರ್ ಕೊಡಿಸಿ ಮನೆಗೆ ಬರುತ್ತಾರೆ. ಮುಂದಿನ ಉಬ್ಬಸದವರೆಗೆ ಕಾಯಿಲೆಯ ಮಾತೇ ಇಲ್ಲ. ತೊಡಕಿರುವುದು ಇಲ್ಲೇ. ಉಬ್ಬಸ ಇಳಿದ ಮೇಲೂ ಶ್ವಾಸನಾಳದ ಒಳಪದರ ಊದಿಕೊಂಡೇ ಇರುತ್ತದೆ. ಸಾಲ್ಬುಟಮಾಲ್ ಪಂಪು (ಇನ್ಹೇಲರ್) ಬಿಗಿದ ನಾಳವನ್ನು ಸಡಿಲಿಸುತ್ತದೆ, ಅಷ್ಟೇ. ಊತ ಇಳಿಸುವುದು ಬುಡೆಸೊನೈಡ್‌ನಂಥ ಔಷಧ. ವೈದ್ಯರು ಹೇಳಿದಷ್ಟು ಕಾಲ, ಮಗು ಚೆನ್ನಾಗಿರುವಾಗಲೂ ಅದನ್ನು ಸೇದಿಸಬೇಕು. ಪಂಪು ಹಿಡಿದರೆ ಚಟವಾಗುತ್ತದೆ ಎಂಬ ಭಯ ಸುಳ್ಳು.

ಚಿಕ್ಕ ಮಕ್ಕಳಿಗೆ ಪಂಪಿನ ಜೊತೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವಿನ ಟೊಳ್ಳು ಕೊಳವೆ, ಬೇಕು. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ಅದರ ಮಾಸ್ಕನ್ನು ಮೂಗು ಬಾಯಿಗೆ ಬಿಗಿಯಾಗಿ ಹಿಡಿದು ಒಮ್ಮೆ ಒತ್ತಬೇಕು. ಮಗು ಐದಾರು ಸಲ ನಿಧಾನವಾಗಿ ಉಸಿರಾಡಲಿ. ಬುಡೆಸೊನೈಡ್ ಆದರೆ ಆಮೇಲೆ ಬಾಯಿ ಮುಕ್ಕಳಿಸುವಂತೆ ಮಾಡಬೇಕು. ಸ್ಪೇಸರ್ ಕೊಳ್ಳಲಾಗದವರೂ ಕೈಚೆಲ್ಲಬೇಕಿಲ್ಲ: ತಳಕ್ಕೆ ತೂತು ಕೊರೆದು ಪಂಪನ್ನು ಭದ್ರವಾಗಿ ಕೂರಿಸಿದ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಪಂಪು ಕೊಡುವ ಈ ಕ್ರಮವನ್ನು ತಾಯಿಯ ಕೈಯಲ್ಲೇ ಮಾಡಿಸಿ ನೋಡಬೇಕು. ಚೀಟಿ ಬರೆದುಕೊಟ್ಟರೆ ಸಾಲದು.

ಅದಕ್ಕೆ ಸಮಯ ಬೇಕು. ಬೌರಿಂಗ್ ಆಸ್ಪತ್ರೆಯಲ್ಲಾಗಲಿ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಾಗಲಿ ಹೊರರೋಗಿಗಳ ಸಾಲಿನ ನಡುವೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರ 1996ರಲ್ಲಿ ಉಬ್ಬಸದ ಮಕ್ಕಳಿಗೆಂದೇ ಯೋಜನೆ ಶುರುಮಾಡಿ, ಈ ಕೆಲಸವನ್ನು ಬಡಾವಣೆಯ ಆರೋಗ್ಯ ಕೇಂದ್ರಗಳಿಗೆ ವಹಿಸಿತು. ನಮ್ಮಲ್ಲೂ 2023ರಿಂದ ವಾರ್ಡುಗಳಲ್ಲಿ ‘ನಮ್ಮ ಕ್ಲಿನಿಕ್’ಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗನವಾಡಿಗಳಿವೆ. ದೊಡ್ಡಾಸ್ಪತ್ರೆ ಕಾಯಿಲೆ ಗುರುತಿಸಲಿ, ಕ್ಲಿನಿಕ್ ತಿಂಗಳ ಔಷಧ ಕೊಡಲಿ, ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಪಂಪು ಹಿಡಿಯುವ ಕ್ರಮವನ್ನೂ ಸೊಳ್ಳೆ ಬತ್ತಿಯನ್ನೂ ನೋಡಲಿ. ಕೆ.ಆರ್. ಪುರದ ಹಳೆ ಮದರಾಸು ರಸ್ತೆಯ ಧೂಳು ನಾಳೆಯೇ ಇಳಿಯದು. ಪಂಪು ನಾಳೆಯೇ ತಲುಪಬಹುದು.

ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅಸ್ತಮಾ ಇರುವ ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ, ಅವರ ಪಂಪು ಕೈಗೆ ಸಿಗುವಂತಿರಲಿ. ಮಾತು ಮುಗಿಸಲಾಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು ಕಂಡರೆ ಪಂಪು ಕೊಡುತ್ತಲೇ ತಕ್ಷಣ 108ಕ್ಕೆ ಕರೆ ಮಾಡಿ.