ಗಣಕದೊಳಗೊಂದು ಹಳೆಯ ಗಣಕ

ತಾಳೆಗರಿಯ ಗ್ರಂಥವನ್ನು ಗೆದ್ದಲಿನಿಂದ ಕಾಪಾಡಿದರಷ್ಟೇ ಸಾಲದು. ಅದರ ಲಿಪಿಯನ್ನು ಬಲ್ಲವರೂ ಉಳಿಯಬೇಕು. ಕಪಾಟಿನಲ್ಲಿ ಜೋಪಾನವಾಗಿಟ್ಟ ಹಳೆಯ ಸಿ.ಡಿ.ಗಳ ವಿಷಯದಲ್ಲಿಯೂ ಈ ಮಾತು ಸತ್ಯವೆಂದು ನಾವು ಭಾವಿಸುತ್ತೇವೆ.

೧೯೯೩ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎನ್‌ಕಾರ್ಟಾ ಎಂಬ ವಿಶ್ವಕೋಶವನ್ನು ಸಿ.ಡಿ.ಯಲ್ಲಿ ಹೊರತಂದಿತು. ಲೇಖನಗಳೊಡನೆ ಚಿತ್ರವೂ ಧ್ವನಿಯೂ ಅದರಲ್ಲಿದ್ದವು. ೨೦೦೯ರಲ್ಲಿ ಆ ವಿಶ್ವಕೋಶ ನಿಂತಿತು. ಮೊದಲ ಆವೃತ್ತಿಯ ತಟ್ಟೆ ಇಂದಿಗೂ ಕೆಡದೆ ಉಳಿದಿದ್ದರೂ ಹೊಸ ಗಣಕದಲ್ಲಿ ಅದು ತೆರೆಯದು. ಅದು ೧೬ ಬಿಟ್‌ನ ತಂತ್ರಾಂಶ. ಇಂದಿನ ೬೪ ಬಿಟ್‌ನ ವಿಂಡೋಸ್ ಅಂಥದನ್ನು ನಡೆಸಲಾರದು.

ಇದಕ್ಕಿರುವ ಉಪಾಯ ವರ್ಚುವಲ್ ಮೆಷಿನ್. ಎಂದರೆ ಗಣಕದೊಳಗೆ ತಂತ್ರಾಂಶವು ನಿರ್ಮಿಸುವ ಇನ್ನೊಂದು ಗಣಕ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಇದಕ್ಕಾಗಿ ಉಚಿತವಾಗಿ ದೊರೆಯುತ್ತದೆ. ಅದರೊಳಗೆ ೩೨ ಬಿಟ್‌ನ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾಪಿಸಿದರೆ, ಅದು ತನಗೆ ಸ್ವಂತ ಯಂತ್ರವೇ ದೊರೆತಂತೆ ವರ್ತಿಸುತ್ತದೆ. ಇಂಥ ಹಳೆಯ ಸಿ.ಡಿ.ಗಳಲ್ಲಿ ಹಲವು ಮತ್ತೆ ಮಾತಾಡುತ್ತವೆ. ಆದರೆ ಎಕ್ಸ್‌ಪಿಗೆ ಸುರಕ್ಷತೆಯ ಬೆಂಬಲ ೨೦೧೪ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಆ ಒಳಗಣ ಗಣಕಕ್ಕೆ ಅಂತರಜಾಲದ ಸಂಪರ್ಕ ಕೊಡಬಾರದು.

ಆದುದರಿಂದ ಗೃಹಸ್ಥರು ಈಗಲೇ ಮೂರು ಕೆಲಸ ಮಾಡುವುದು ಲೇಸು. ಸಿ.ಡಿ. ಡ್ರೈವ್ ಇರುವ ಗಣಕ ಸಿಗುವಾಗಲೇ ತಟ್ಟೆಯನ್ನು ಪೂರ್ಣವಾಗಿ ಪ್ರತಿಮಾಡಿ ಐ.ಎಸ್.ಓ. ಕಡತವಾಗಿ ಉಳಿಸಬೇಕು. ಹಳೆಯ ವಿಂಡೋಸ್ ತಟ್ಟೆಯನ್ನೂ ಪರವಾನಗಿಯ ಸಂಖ್ಯೆಯನ್ನೂ ಎಸೆಯಬಾರದು. ಸಿದ್ಧಗೊಂಡ ವರ್ಚುವಲ್ ಮೆಷಿನ್ನಿನ ಕಡತಗಳನ್ನು ಬೇರೊಂದು ಡಿಸ್ಕಿನಲ್ಲಿಯೂ ಇಟ್ಟುಕೊಳ್ಳಬೇಕು. ಮೊಮ್ಮಕ್ಕಳು ಕೇಳುವ ದಿನ ತಟ್ಟೆಯಿದ್ದು ಅದನ್ನು ತೆರೆಯುವ ಸಾಧನವಿಲ್ಲದಿದ್ದರೆ, ಕಾಪಾಡಿಟ್ಟದ್ದು ಇದ್ದೂ ಇಲ್ಲದಂತಾದೀತು.